ಮೊಳದೊಳಗೆ ಮೀನಿರಲಿ

ಕತ್ತಲಗೆರೆಯಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡವನಿಗೆ ಸಮುದ್ರದೊಳಗಿನ ಕ್ಯಾಮೆರಾದ ಉಸಾಬರಿ ಏಕೆ ಎಂದು ಕೇಳುವವರಿದ್ದಾರೆ. ನಮ್ಮ ಕಡೆ ಇರುವುದು ಭದ್ರಾ ನಾಲೆ, ಭತ್ತದ ಗದ್ದೆ, ಅಡಿಕೆ ತೋಟ, ಕೃಷಿ ಸಂಶೋಧನಾ ಕೇಂದ್ರ, ಅಷ್ಟು ದೂರದಲ್ಲಿ ಸೂಳೆಕೆರೆ. ಕಡಲು ಕಾಣಬೇಕಾದರೆ ಶಿವಮೊಗ್ಗ, ಸಾಗರ ದಾಟಿ ಘಟ್ಟ ಇಳಿದು ಹೊನ್ನಾವರದ ದಾರಿ ಹಿಡಿಯಬೇಕು. ಆದರೆ 2022ರ ಅಕ್ಟೋಬರ್ ಕೊನೆಗೆ ‘ಗಂಧದ ಗುಡಿ’ ಬಂದ ಮೇಲೆ ನನ್ನ ಅಂಗಡಿಯ ಮಾತೇ ಬದಲಾಯಿತು. ಅಮೋಘವರ್ಷ ನಿರ್ದೇಶಿಸಿದ ಆ ಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್, ನಮ್ಮೆಲ್ಲರ ಅಪ್ಪು, ನೇತ್ರಾಣಿ ದ್ವೀಪದ ಬಳಿ ನೀರಿಗಿಳಿಯುತ್ತಾರೆ. ಅಪ್ಪು ಕಂಡ ಮೀನು, ಹವಳ ನಾವೂ ಕಾಣಬೇಕು ಎಂದು ನಮ್ಮೂರಿನ, ಬಸವಾಪಟ್ಟಣದ, ಚನ್ನಗಿರಿಯ ಹುಡುಗರು ನೇತ್ರಾಣಿಗೆ ಬೋಟು ಹೊರಡುವ ಮುರ್ಡೇಶ್ವರಕ್ಕೆ ಹೋಗತೊಡಗಿದರು. ಹೋಗುವ ಮೊದಲು ನನ್ನ ಹತ್ತಿರ ಬರುತ್ತಾರೆ.

“ಅಣ್ಣಾ, ಯಾವ್ ಕ್ಯಾಮೆರಾ ತಗಳ್ಳಿ?”

ಮದುವೆ ಫೋಟೊ ತೆಗೆಯುವುದು ನನ್ನ ಹೊಟ್ಟೆಪಾಡು. ನೀರೊಳಗಿನ ಫೋಟೊ ನನ್ನ ಪ್ರೀತಿ. ಎರಡಕ್ಕೂ ಜಗಳವಾಗದಂತೆ ಪಂಚಾಂಗವೇ ಏರ್ಪಾಡು ಮಾಡಿದೆ. ಮಳೆಗಾಲದಲ್ಲಿ ನೇತ್ರಾಣಿಗೆ ಬೋಟು ಹೋಗುವುದಿಲ್ಲ. ಅಕ್ಟೋಬರ್‌ನಿಂದ ಮೇವರೆಗೆ ಡೈವಿಂಗ್ ಕಾಲ. ಅದರ ನಡುವೆ, ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ, ಧನುರ್ಮಾಸ. ಆಗ ನಮ್ಮಲ್ಲಿ ಮದುವೆಗಳಿಲ್ಲ, ಅಲ್ಲಿ ಕಡಲು ಶಾಂತ, ನೀರು ತಿಳಿ. ಮದುವೆ ಕ್ಯಾಮೆರಾಗಳನ್ನು ಬೀರುವಿಗೆ ಸೇರಿಸಿ, ಜೇಬಿನಲ್ಲಿ ಹಿಡಿಸುವ ಪುಟ್ಟ ಕ್ಯಾಮೆರಾ ಹಿಡಿದು ಹೊರಡುತ್ತೇನೆ.

ಪುಟ್ಟದ್ದೇ ಏಕೆ? ದೊಡ್ಡ ಕ್ಯಾಮೆರಾ ನನ್ನ ಬಳಿ ಇದೆ. ಅದಕ್ಕೆ ಬೆಲೆಬಾಳುವ ಲೆನ್ಸುಗಳೂ ಇವೆ. ಆದರೆ ನೀರಿಗಿಳಿದ ಮೇಲೆ ಆ ಲೆನ್ಸನ್ನು ಬದಲಿಸಲಾಗದು. ಕ್ಯಾಮೆರಾ ಒಂದು ಗಟ್ಟಿ ಡಬ್ಬಿಯೊಳಗೆ, ಅಂದರೆ ಹೌಸಿಂಗ್‌ನಲ್ಲಿ, ಗಾಳಿಯಾಡದಂತೆ ಮುಚ್ಚಿಹೋಗಿರುತ್ತದೆ. ಹವಳದ ದೊಡ್ಡ ಬಂಡೆಗೆಂದು ವೈಡ್ ಲೆನ್ಸ್ ಹಾಕಿಕೊಂಡು ಇಳಿದವನ ಮುಂದೆ ಬೆರಳಿನ ಉಗುರಿನಷ್ಟು ಪುಟ್ಟ ಜೀವಿ ಬಂದರೆ ನೋಡಿ ಸುಮ್ಮನಾಗಬೇಕು. ಪುಟ್ಟ ಕಾಂಪ್ಯಾಕ್ಟ್ ಕ್ಯಾಮೆರಾದ್ದು ಬೇರೆ ಲೆಕ್ಕ. ಅದರ ಹೌಸಿಂಗ್‌ನ ಗಾಜಿನ ಮುಂದೆ, ಹೊರಗಡೆಯಿಂದಲೇ, ನೀರಿನಲ್ಲಿದ್ದಾಗಲೇ ಹಾಕಿ ತೆಗೆಯಬಹುದಾದ ಲೆನ್ಸುಗಳಿವೆ. ಡೈವರ್‌ಗಳು ಅವನ್ನು ವೆಟ್ ಲೆನ್ಸ್ ಎನ್ನುತ್ತಾರೆ. ಒಂದೇ ಮುಳುಗಿನಲ್ಲಿ ಬಂಡೆಯ ಫೋಟೊ, ಅದರ ಮೇಲೆ ತೆವಳುವ ಚಿಪ್ಪಿಲ್ಲದ ಬಸವನಹುಳುವಿನ ಫೋಟೊ ಎರಡೂ ಸಿಗುತ್ತವೆ. ದೊಡ್ಡ ಕ್ಯಾಮೆರಾದ ಹೌಸಿಂಗ್, ಅದಕ್ಕೆ ಗುಮ್ಮಟದಂಥ ಗಾಜು, ಎಲ್ಲ ಸೇರಿದರೆ ಲಕ್ಷಗಳ ಲೆಕ್ಕ, ವಿಮಾನದಲ್ಲಿ ಹೊರುವಷ್ಟು ಹೊರೆ. ಮುರ್ಡೇಶ್ವರದ ಬೋಟಿನಲ್ಲಿ ಹತ್ತಾರು ಸಿಲಿಂಡರ್‌ಗಳ ನಡುವೆ ಅಷ್ಟು ಹೊರೆಗೆ ಜಾಗವೂ ಇರುವುದಿಲ್ಲ.

ಕ್ಯಾಮೆರಾ ಕಂಪನಿಗಳ ಹೆಸರಿಗೆ ಬರುವ ಮೊದಲು ನೀರಿನ ಬಗ್ಗೆ ಹೇಳಲೇಬೇಕು, ಏಕೆಂದರೆ ಈ ಆಯ್ಕೆಯಲ್ಲಿ ಅರ್ಧ ತೀರ್ಮಾನ ನೀರಿನದ್ದೇ. ಗಾಳಿಗಿಂತ ನೀರಿನಲ್ಲಿ ಬೆಳಕು ನಿಧಾನ. ನೀರಿನಿಂದ ಗಾಜು ದಾಟಿ ಕ್ಯಾಮೆರಾದ ಮುಂದಿರುವ ಗಾಳಿಗೆ ಬರುವಾಗ ಬೆಳಕು ಬಾಗುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ 1.33. ಇದರಿಂದಾಗಿ ಚಪ್ಪಟೆ ಗಾಜಿನ ಹಿಂದೆ ಕೂತ ಕ್ಯಾಮೆರಾಕ್ಕೆ ಮೀನು ಇರುವುದಕ್ಕಿಂತ ಮೂರನೇ ಒಂದು ಪಾಲು ದೊಡ್ಡದಾಗಿ, ಕಾಲು ಪಾಲು ಹತ್ತಿರವಾಗಿ ಕಾಣುತ್ತದೆ. ಕೇಳಲು ಲಾಭದಂತಿದೆ, ಆದರೆ ನೋಟ ಕಿರಿದಾಗುತ್ತದೆ. ನೆಲದ ಮೇಲೆ 24 ಮಿಲಿಮೀಟರ್ ಲೆನ್ಸ್ ಮೂಲೆಯಿಂದ ಮೂಲೆಗೆ ಸುಮಾರು 84 ಡಿಗ್ರಿ ಅಗಲ ನೋಡುತ್ತದೆ. ಅದೇ ಲೆನ್ಸ್ ಚಪ್ಪಟೆ ಗಾಜಿನ ಹಿಂದೆ, ನೀರಿನಲ್ಲಿ, ಸುಮಾರು 60 ಡಿಗ್ರಿಗೆ ಇಳಿಯುತ್ತದೆ. ಮಂಟಪದಲ್ಲಿ ಇಡೀ ಬಳಗವನ್ನು ಹಿಡಿಯುತ್ತಿದ್ದ ಲೆನ್ಸಿನಲ್ಲಿ ಇಲ್ಲಿ ಒಬ್ಬ ಡೈವರ್‌ನನ್ನು ಪೂರ್ತಿ ಹಿಡಿಯಲು ಹಿಂದೆ ಹಿಂದೆ ಹೋಗಬೇಕು.

ಹಿಂದೆ ಹೋದಷ್ಟೂ ಫೋಟೊ ಕೆಡುತ್ತದೆ. ನಡುವೆ ನೀರು ಹೆಚ್ಚಾಗುತ್ತದೆ. ನೀರು ಮೊದಲು ನುಂಗುವುದು ಕೆಂಪನ್ನು: ಐದಾರು ಮೀಟರ್ ಆಳ ಇಳಿಯುವಷ್ಟರಲ್ಲಿ ಬಹುಪಾಲು ಕೆಂಪು ಹೋಗಿರುತ್ತದೆ. ಆಮೇಲೆ ಕಿತ್ತಳೆ, ಹಳದಿ. ಉಳಿಯುವುದು ಹಸಿರು, ನೀಲಿ. ಇದು ಆಳದ ಲೆಕ್ಕ ಮಾತ್ರವಲ್ಲ. ಬೆಳಕು ಮೀನಿನಿಂದ ನಿಮ್ಮ ಕ್ಯಾಮೆರಾದವರೆಗೆ ಅಡ್ಡಡ್ಡ ಬರುವಾಗಲೂ ಇದೇ ನಷ್ಟ. ಮೂರು ಮೀಟರ್ ದೂರದಲ್ಲಿರುವ ಕೆಂಪು ಮೀನು ಬೂದು ಬಣ್ಣದ್ದಾಗಿ ಬರುತ್ತದೆ. ನೀರಿನಲ್ಲಿ ತೇಲುವ ಕಣಗಳು ಬೇರೆ. ನೇತ್ರಾಣಿಯಲ್ಲಿ ಒಳ್ಳೆಯ ದಿನ ಹದಿನೈದು ಇಪ್ಪತ್ತು ಮೀಟರ್ ದೂರದವರೆಗೆ ಕಾಣುತ್ತದೆ. ಮಾಲ್ಡೀವ್ಸ್‌ನಲ್ಲಿ, ಅಂಡಮಾನ್‌ನಲ್ಲಿ ತೆಗೆದ ನೀಲಿ ಫೋಟೊಗಳನ್ನು ನೋಡಿ ಅದೇ ಬೇಕೆಂದು ಲೆನ್ಸ್ ಕೊಂಡವರು ನಮ್ಮ ಅರಬ್ಬಿ ಕಡಲ ಹಸಿರು ನೀರಿನಲ್ಲಿ ನಿರಾಸೆಪಡುತ್ತಾರೆ.

ಅದಕ್ಕೇ ಅಂಗಡಿಗೆ ಬಂದವರಿಗೆ ನಾನು ಹೇಳುವ ಮಾತು ಒಂದೇ. ಮೀನಿಗೂ ಕ್ಯಾಮೆರಾಕ್ಕೂ ನಡುವೆ ಒಂದು ಮೊಳಕ್ಕಿಂತ ಹೆಚ್ಚು ನೀರಿರಬಾರದು. ನಮ್ಮ ನೀರಿಗೆ ಕ್ಯಾಮೆರಾ ಆರಿಸುವುದೆಂದರೆ ಒಂದು ಮೊಳದೊಳಗೆ ಚೆನ್ನಾಗಿ ಕೆಲಸ ಮಾಡುವುದನ್ನು ಆರಿಸುವುದು. ಮೆಗಾಪಿಕ್ಸೆಲ್ ಎಷ್ಟು, ಜೂಮ್ ಎಷ್ಟು ಎಂದು ಕೇಳುವ ಮೊದಲು ಎಷ್ಟು ಹತ್ತಿರದ ವಸ್ತುವಿಗೆ ಅದು ಫೋಕಸ್ ಮಾಡುತ್ತದೆ ಎಂದು ಕೇಳಿ. ಜೂಮ್ ಮಾಡಿದರೆ ಮೀನು ಹತ್ತಿರ ಬಂದಂತೆ ಕಾಣುತ್ತದೆ, ನಡುವಿನ ನೀರು ಇದ್ದಲ್ಲೇ ಇರುತ್ತದೆ.

ಈ ದೃಷ್ಟಿಯಿಂದ ನೋಡಿದರೆ ಹೊಸಬರಿಗೆ ನನ್ನ ಮೊದಲ ಆಯ್ಕೆ ಒಲಿಂಪಸ್‌ನ ಟಫ್ ಸಾಲಿನ ಟಿಜಿ-6. 2019ರಲ್ಲಿ ಬಂದದ್ದು. ಒಲಿಂಪಸ್ ತನ್ನ ಕ್ಯಾಮೆರಾ ವ್ಯವಹಾರವನ್ನು ಬೇರೆಯವರಿಗೆ ವಹಿಸಿದ ಮೇಲೆ 2023ರಲ್ಲಿ ಓಎಂ ಸಿಸ್ಟಮ್ ಎಂಬ ಹೆಸರಿನಲ್ಲಿ ಟಿಜಿ-7 ಬಂತು. ಒಳಗಿನ ಸರಕು ಹೆಚ್ಚುಕಡಿಮೆ ಒಂದೇ. 12 ಮೆಗಾಪಿಕ್ಸೆಲ್, ಕಿರುಬೆರಳಿನ ಉಗುರಿಗಿಂತಲೂ ಚಿಕ್ಕ ಸೆನ್ಸರ್, 25ರಿಂದ 100 ಮಿಲಿಮೀಟರ್‌ಗೆ ಸಮನಾದ ಜೂಮ್. ಕಾಗದದ ಮೇಲೆ ಇದು ಈಗಿನ ಫೋನುಗಳ ಮುಂದೆ ಸೋಲುತ್ತದೆ. ಆದರೆ ಇದರಲ್ಲಿ ಮೈಕ್ರೊಸ್ಕೋಪ್ ಎಂಬ ಮೋಡ್ ಇದೆ. ಲೆನ್ಸಿನಿಂದ ಒಂದು ಸೆಂಟಿಮೀಟರ್ ದೂರದ ವಸ್ತುವಿಗೂ, ಪೂರ್ತಿ ಜೂಮ್ ಮಾಡಿದಾಗಲೂ, ಫೋಕಸ್ ಮಾಡುತ್ತದೆ. ಬೇರೆ ಲೆನ್ಸಿನ ಹಂಗಿಲ್ಲದೆ ಅಕ್ಕಿಕಾಳಿನಷ್ಟು ಜೀವಿ ಫೋಟೊ ತುಂಬ ಬರುತ್ತದೆ. ಹೌಸಿಂಗ್ ಇಲ್ಲದೆಯೇ 15 ಮೀಟರ್ ಆಳದವರೆಗೆ ಇಳಿಯಬಹುದು ಎಂದು ಕಂಪನಿ ಹೇಳುತ್ತದೆ. ಪಿಟಿ-059 ಎಂಬ ಹೌಸಿಂಗ್ ಹಾಕಿದರೆ 45 ಮೀಟರ್. ಆ ಒಂದೇ ಹೌಸಿಂಗ್ ಟಿಜಿ-6, ಟಿಜಿ-7 ಎರಡಕ್ಕೂ ಕೂರುತ್ತದೆ.

ಹದಿನೈದು ಮೀಟರ್ ಸಾಕಲ್ಲವೇ, ಹೌಸಿಂಗ್ ಖರ್ಚು ಏಕೆ ಎಂದು ಎಲ್ಲರೂ ಕೇಳುತ್ತಾರೆ. ತರಬೇತಿ ಇಲ್ಲದೆ ಮೊದಲ ಸಲ ಇಳಿಯುವವರನ್ನು 12 ಮೀಟರ್‌ಗಿಂತ ಕೆಳಗೆ ಕರೆದೊಯ್ಯುವಂತಿಲ್ಲ. ಡೈವಿಂಗ್ ಕಲಿಸುವ ಓಪನ್ ವಾಟರ್ ಕೋರ್ಸ್ ಮಾಡಿದವರ ಮಿತಿ 18 ಮೀಟರ್. ಅಂದರೆ ಕೋರ್ಸ್ ಮಾಡಿದವರು ಬರಿ ಕ್ಯಾಮೆರಾದ ಮಿತಿಯನ್ನು ದಾಟುತ್ತಾರೆ. ಪ್ರತಿ ಹತ್ತು ಮೀಟರ್‌ಗೆ ನೀರಿನ ಒತ್ತಡ ಒಂದು ವಾಯುಭಾರದಷ್ಟು ಏರುತ್ತದೆ. 15 ಮೀಟರ್‌ನಲ್ಲಿ ಕ್ಯಾಮೆರಾದ ಪುಟ್ಟ ಬಾಗಿಲಿನ ರಬ್ಬರ್ ಮೇಲೆ, ಮೇಲಿನ ಗಾಳಿಯದ್ದೂ ಸೇರಿ, ಎರಡೂವರೆ ವಾಯುಭಾರ. ಬ್ಯಾಟರಿ ಬಾಗಿಲಿನಲ್ಲಿ ಒಂದು ಕೂದಲೆಳೆ ಸಿಕ್ಕಿದ್ದರೆ ಅಲ್ಲಿಂದಲೇ ಉಪ್ಪುನೀರು ಒಳಗೆ. ಹೌಸಿಂಗ್ ಇದ್ದರೆ ಎರಡು ಗೋಡೆ. ಹೌಸಿಂಗ್ ಸೋರಿದರೂ ಈ ಕ್ಯಾಮೆರಾ ತಾನೇ ನೀರು ತಡೆಯುತ್ತದೆ. ಸಾಮಾನ್ಯ ಕಾಂಪ್ಯಾಕ್ಟ್‌ಗಳಲ್ಲಿ ಈ ಭರವಸೆ ಇಲ್ಲ. ಹಳ್ಳಿಯಿಂದ ವರ್ಷಕ್ಕೊಮ್ಮೆ ಹೋಗುವವರಿಗೆ ಇದು ದೊಡ್ಡ ವಿಷಯ.

ಇನ್ನೊಂದು ಬಗೆಯವು ಒಂದಿಂಚು ಸೆನ್ಸರಿನ ಕಾಂಪ್ಯಾಕ್ಟ್‌ಗಳು. ಕ್ಯಾನನ್‌ನ ಜಿ7 ಎಕ್ಸ್ ಮಾರ್ಕ್ 2, ಸೋನಿಯ ಆರ್‌ಎಕ್ಸ್ 100 ಸಾಲು. 20 ಮೆಗಾಪಿಕ್ಸೆಲ್, ದೊಡ್ಡ ಸೆನ್ಸರ್. ಮಬ್ಬು ಬೆಳಕಿನಲ್ಲಿ ಫೋಟೊ ಒಡೆಯುವುದು ಕಡಿಮೆ. ಮೀನಿನ ಮೈಬಣ್ಣದ ನವಿರು ಇದರಲ್ಲಿ ಬರುವಂತೆ ಟಿಜಿಯಲ್ಲಿ ಬರುವುದಿಲ್ಲ, ಅದನ್ನು ಒಪ್ಪಬೇಕು. ದೊಡ್ಡದಾಗಿ ಪ್ರಿಂಟ್ ಹಾಕಿಸುವವರು ಇದನ್ನೇ ನೋಡಬೇಕು. ಆದರೆ ಹತ್ತಿರ ಹೋಗುವ ವಿಷಯದಲ್ಲಿ ಇವು ಹಿಂದೆ. ಜಿ7 ಎಕ್ಸ್ ಮಾರ್ಕ್ 2 ವೈಡ್‌ನಲ್ಲಿ 5 ಸೆಂಟಿಮೀಟರ್‌ವರೆಗೆ ಹೋಗುತ್ತದೆ, ಪೂರ್ತಿ ಜೂಮ್ ಮಾಡಿದರೆ 40 ಸೆಂಟಿಮೀಟರ್ ದೂರ ನಿಲ್ಲಬೇಕು. ಉಗುರಿನಷ್ಟು ಜೀವಿ ಅಷ್ಟು ದೂರದಿಂದ ಚುಕ್ಕೆಯಾಗಿ ಬರುತ್ತದೆ. ಇವಕ್ಕೆ ಕ್ಲೋಸ್‌ಅಪ್ ವೆಟ್ ಲೆನ್ಸ್ ಬೇಕೇ ಬೇಕು.

ಈ ಕ್ಯಾಮೆರಾಗಳ ಜೂಮ್ ಎಷ್ಟು ಉದ್ದವಿರಬೇಕು ಎಂಬುದೂ ಯೋಚಿಸಿ ತೀರ್ಮಾನಿಸುವ ಮಾತು. ಆರ್‌ಎಕ್ಸ್ 100 ಮಾರ್ಕ್ 5ರ ಜೂಮ್ 24ರಿಂದ 70. 2019ರ ಮಾರ್ಕ್ 7ರದ್ದು 24ರಿಂದ 200. ಅಂಗಡಿಯವರು 200ನ್ನು ಹೊಗಳುತ್ತಾರೆ. ಕ್ಲೋಸ್‌ಅಪ್ ಲೆನ್ಸ್ ಹಾಕಿ ಪೂರ್ತಿ ಜೂಮ್ ಮಾಡಿದಾಗ 200 ನಿಜಕ್ಕೂ ಪುಟ್ಟ ಜೀವಿಯನ್ನು ದೊಡ್ಡದಾಗಿಸುತ್ತದೆ. ಆದರೆ ಲೆನ್ಸ್ ಅಷ್ಟುದ್ದ ಹೊರಚಾಚಲು ಹೌಸಿಂಗ್‌ನ ಮೂತಿಯೂ ಉದ್ದವಿರಬೇಕು. ಉದ್ದ ಮೂತಿಯ ಮುಂದೆ ವೈಡ್ ವೆಟ್ ಲೆನ್ಸ್ ಹಾಕಿದರೆ ಫೋಟೊದ ನಾಲ್ಕು ಮೂಲೆ ಕಪ್ಪಾಗುತ್ತವೆ. ಎರಡೂ ಬಗೆಯ ಫೋಟೊ ಬೇಕೆನ್ನುವವರಿಗೆ ಕಡಿಮೆ ಜೂಮಿನ ಕ್ಯಾಮೆರಾವೇ ಮೇಲು. ಇನ್ನೊಂದು ಎಚ್ಚರಿಕೆ: ಸೋನಿಯ ಜೆಡ್‌ವಿ-1 ನೋಡಲು ಆರ್‌ಎಕ್ಸ್ 100ರ ತಮ್ಮನಂತಿದೆ, ವಿಡಿಯೊಗೆ ಒಳ್ಳೆಯದು, ಆದರೆ ಅದರಲ್ಲಿ ಫ್ಲ್ಯಾಶ್ ಇಲ್ಲ. ಫ್ಲ್ಯಾಶ್ ಇಲ್ಲದಿದ್ದರೆ ಏನು ತೊಂದರೆ ಎಂಬುದನ್ನು ಮುಂದೆ ಹೇಳುತ್ತೇನೆ.

ಗೋಪ್ರೊ ಬಗ್ಗೆ ಕೇಳದ ಹುಡುಗರಿಲ್ಲ. ಬರಿ ಕ್ಯಾಮೆರಾ 10 ಮೀಟರ್, ಹೌಸಿಂಗ್ ಹಾಕಿದರೆ 60 ಮೀಟರ್ ಆಳಕ್ಕೆ ಇಳಿಯುತ್ತದೆ. ನೀವು ಈಜುವುದು, ಗೆಳೆಯರ ಮುಖ, ಮೀನುಗಳ ಹಿಂಡು, ಇಷ್ಟಕ್ಕೆ ಗೋಪ್ರೊ ಸಾಕು, ಚೆನ್ನಾಗಿಯೂ ಇರುತ್ತದೆ. ಒಂದು ಅಡಿಗಿಂತ ಹತ್ತಿರದ ವಸ್ತು ಅದರಲ್ಲಿ ಮಸುಕು. ಫೋನಿನ ವಿಷಯ ಬೇಗ ಮುಗಿಸುತ್ತೇನೆ. ಐಪಿ68 ಎಂದು ಬರೆದಿರುವುದು ಸಿಹಿನೀರಿನಲ್ಲಿ, ಕಡಿಮೆ ಆಳದಲ್ಲಿ ಮಾಡಿದ ಪರೀಕ್ಷೆ, ಸಮುದ್ರಕ್ಕಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕುತ್ತಿಗೆಗೆ ನೇತುಹಾಕಿಕೊಂಡು ಡೈವ್‌ಗೆ ಇಳಿಯುವುದು ಬೇಡ.

ಈಗ ಲೆನ್ಸುಗಳಿಗೆ ಬರೋಣ. ಬಹುತೇಕ ಕಾಂಪ್ಯಾಕ್ಟ್ ಹೌಸಿಂಗ್‌ಗಳ ಮೂತಿಯಲ್ಲಿ 67 ಮಿಲಿಮೀಟರ್ ಅಳತೆಯ ಥ್ರೆಡ್ ಇರುತ್ತದೆ, ಅಥವಾ ಅಡಾಪ್ಟರ್ ಹಾಕಿ ಆ ಅಳತೆಗೆ ತರಬಹುದು. ಈ 67 ಎಂಬ ಅಂಕೆ ನೆನಪಿಡಿ. ಜಪಾನಿನ ಇನಾನ್, ಹಾಂಗ್‌ಕಾಂಗಿನ ನಾಟಿಕ್ಯಾಮ್ ಮಾಡುವ ವೆಟ್ ಲೆನ್ಸುಗಳು ಈ ಅಳತೆಯಲ್ಲಿ ಸಿಗುತ್ತವೆ. ಮುಂದೆ ಕ್ಯಾಮೆರಾ ಬದಲಿಸಿದರೂ ಲೆನ್ಸ್ ಉಳಿಯುತ್ತದೆ. ಕ್ಯಾಮೆರಾ ಹಳತಾಗುತ್ತದೆ, ಗಾಜು ಹಳತಾಗುವುದಿಲ್ಲ. ಹಣ ಎಲ್ಲಿ ಹಾಕಬೇಕೆಂದು ಕೇಳಿದರೆ ಗಾಜಿಗೆ ಹಾಕಿ ಎನ್ನುತ್ತೇನೆ.

ಕ್ಲೋಸ್‌ಅಪ್ ಲೆನ್ಸಿನ ಶಕ್ತಿಯನ್ನು ಕನ್ನಡಕದಂತೆಯೇ ಡಯಾಪ್ಟರ್‌ನಲ್ಲಿ ಹೇಳುತ್ತಾರೆ. +6 ಎಂದರೆ ಫೋಕಸ್ ದೂರ ಸುಮಾರು 17 ಸೆಂಟಿಮೀಟರ್, +10 ಎಂದರೆ 10 ಸೆಂಟಿಮೀಟರ್. ಹೊಸಬರು +10 ಕೊಳ್ಳಲು ಆತುರಪಡುತ್ತಾರೆ. ನನ್ನ ಸಲಹೆ +6. ಹತ್ತು ಸೆಂಟಿಮೀಟರ್‌ಗೆ ಹೋದರೆ ಮೀನು ಓಡುತ್ತದೆ, ಕ್ಯಾಮೆರಾದ ನೆರಳು ಬೀಳುತ್ತದೆ, ಅಲೆಗೆ ನಿಮ್ಮ ಮೈ ಒಂದು ಬೆರಳಷ್ಟು ಅಲುಗಿದರೂ ಫೋಕಸ್ ತಪ್ಪುತ್ತದೆ. +6ರಲ್ಲಿ ಬೆರಳುದ್ದದ ಮೀನು, ಸೀಗಡಿ, ಹವಳದ ಮೊಗ್ಗುಗಳು ನೆಮ್ಮದಿಯಾಗಿ ಸಿಗುತ್ತವೆ.

ನೆಲದ ಮೇಲೆ ಹೂವಿನ ಫೋಟೊಗೆ ಬಳಸುವ ಅಗ್ಗದ ಕ್ಲೋಸ್‌ಅಪ್ ಗಾಜನ್ನು ಹೌಸಿಂಗ್ ಮುಂದೆ ತಿರುಗಿಸಿ ಕೂರಿಸಿದರೆ ಆಗದೇ ಎಂದು ಚನ್ನಗಿರಿಯ ಗೆಳೆಯರೊಬ್ಬರು ಕೇಳಿದ್ದರು. ಅಳತೆ ಕೂರುತ್ತದೆ, ಕೆಲಸ ಕೂರುವುದಿಲ್ಲ. ಗಾಜಿನ ಸೂಚ್ಯಂಕ ಸುಮಾರು 1.52. ಗಾಳಿಗೂ ಗಾಜಿಗೂ ಇರುವ ಅಂತರ 0.52, ನೀರಿಗೂ ಗಾಜಿಗೂ 0.19 ಮಾತ್ರ. ಎರಡೂ ಕಡೆ ನೀರು ತಾಗಿದ ಕೂಡಲೇ ಆ ಗಾಜಿನ ಶಕ್ತಿಯಲ್ಲಿ ಮೂರರಲ್ಲಿ ಎರಡು ಪಾಲು ಹೋಗಿಬಿಡುತ್ತದೆ. +10 ಎಂದು ಕೊಂಡದ್ದು ನೀರಿನಲ್ಲಿ +4ಕ್ಕಿಂತ ಕಡಿಮೆ. ವೆಟ್ ಲೆನ್ಸಿಗೆ ಹೆಚ್ಚು ಬೆಲೆ ಇರುವುದು ಈ ನಷ್ಟವನ್ನು ಮೊದಲೇ ಲೆಕ್ಕಹಾಕಿ ಮಾಡಿರುವುದಕ್ಕೆ.

ವೈಡ್ ವೆಟ್ ಲೆನ್ಸ್ ಚಪ್ಪಟೆ ಗಾಜು ಕಿತ್ತುಕೊಂಡ ಅಗಲವನ್ನು ವಾಪಸ್ ಕೊಟ್ಟು, ಮೇಲೊಂದಿಷ್ಟು ಸೇರಿಸುತ್ತದೆ. ಇನಾನ್‌ನ ಯುಡಬ್ಲ್ಯುಎಲ್-ಎಚ್100 ಸುಮಾರು ನೂರು ಡಿಗ್ರಿ ನೋಡುತ್ತದೆ. ನಾಟಿಕ್ಯಾಮ್‌ನ ಡಬ್ಲ್ಯುಡಬ್ಲ್ಯುಎಲ್-1 28 ಮಿಲಿಮೀಟರ್ ಲೆನ್ಸಿನ ಮುಂದೆ ಕೂತು 130 ಡಿಗ್ರಿ ನೋಡುತ್ತದೆ. ಅಂಥ ಲೆನ್ಸ್ ಇದ್ದರೆ ಆಮೆಯ ಹತ್ತಿರ ಒಂದು ಮೊಳದಷ್ಟು ಹೋಗಿಯೂ ಅದನ್ನು ಇಡಿಯಾಗಿ, ಹಿಂದಿನ ಬಂಡೆಯ ಸಮೇತ ಹಿಡಿಯಬಹುದು. ವೈಡ್ ಲೆನ್ಸಿನ ಉಪಯೋಗವೂ ಹತ್ತಿರ ಹೋಗುವುದೇ. ಬಹಳ ಮಂದಿ ಇದನ್ನು ತಿಳಿಯದೆ ದೂರದ ನೋಟಕ್ಕೆಂದು ಕೊಳ್ಳುತ್ತಾರೆ. ಇದರ ಬೆಲೆ ಹಲವು ಸಲ ಕ್ಯಾಮೆರಾದ ಬೆಲೆಯನ್ನೇ ಮೀರುತ್ತದೆ, ನಾಟಿಕ್ಯಾಮ್‌ನದರ ತೂಕ ಒಂದು ಕಿಲೋ ಮೀರುತ್ತದೆ. ನಮ್ಮ ಕಡಲಿಗೆ ಮೊದಲು ಕ್ಲೋಸ್‌ಅಪ್, ವರ್ಷಗಳ ಮೇಲೆ ಬೇಕೆನಿಸಿದರೆ ವೈಡ್. ಲಕ್ಷದ್ವೀಪಕ್ಕೆ, ಅಂಡಮಾನಿಗೆ ಮತ್ತೆ ಮತ್ತೆ ಹೋಗುವವರಿಗೆ ಮಾತ್ರ ಈ ಕ್ರಮ ತಿರುಗುಮುರುಗು.

ಎರಡೂ ಬಗೆಯ ಲೆನ್ಸಿನಲ್ಲಿ ಒಂದು ಅಭ್ಯಾಸ ಬೇಕು. ನೀರಿಗಿಳಿದ ಕೂಡಲೇ ಲೆನ್ಸನ್ನು ಒಮ್ಮೆ ಬಿಚ್ಚಿ, ಹೌಸಿಂಗ್‌ಗೂ ಅದಕ್ಕೂ ನಡುವೆ ಸಿಕ್ಕಿಕೊಂಡ ಗಾಳಿಗುಳ್ಳೆಗಳನ್ನು ಹೊರಡಿಸಿ ಮತ್ತೆ ಹಾಕಬೇಕು. ಇಲ್ಲದಿದ್ದರೆ ಎಲ್ಲ ಫೋಟೊದಲ್ಲೂ ಅರ್ಧಚಂದ್ರ.

ಬೆಳಕಿನ ವಿಷಯಕ್ಕೆ ನಾನು ತುಸು ಹೆಚ್ಚು ಜಾಗ ತೆಗೆದುಕೊಳ್ಳುತ್ತೇನೆ. ಫ್ರಾನ್ಸಿನ ಜೀವವಿಜ್ಞಾನಿ ಲೂಯಿ ಬೂತಾನ್ 1893ರಲ್ಲಿ ಬಾನ್ಯೂಲ್ಸ್ ಎಂಬ ಕಡಲೂರಿನಲ್ಲಿ ನೀರೊಳಗೆ ಫೋಟೊ ತೆಗೆಯಲು ಹೊರಟಾಗ ಅವರನ್ನು ಕಾಡಿದ್ದೂ ಬೆಳಕೇ. ಪೀಪಾಯಿಯೊಂದರ ಮೇಲೆ ಗಾಜಿನ ಬುರುಡೆಯಲ್ಲಿ ದೀಪ ಹಚ್ಚಿ, ಅದಕ್ಕೆ ಮೆಗ್ನೀಸಿಯಂ ಪುಡಿ ಊದಿ ಮಿಂಚು ಹೊಡೆಸಿದರು. ಇವತ್ತು ಆ ಪೀಪಾಯಿಯ ಕೆಲಸವನ್ನು ಅಂಗೈಯಲ್ಲಿ ಹಿಡಿಸುವ ಸ್ಟ್ರೋಬ್, ಅಂದರೆ ಹೊರಗೆ ಜೋಡಿಸುವ ಫ್ಲ್ಯಾಶ್, ಮಾಡುತ್ತದೆ. ಕ್ಯಾಮೆರಾದ ಒಳಗಿನ ಫ್ಲ್ಯಾಶ್ ಮಿಂಚಿದ ಕೂಡಲೇ ಆ ಮಿಂಚು ಫೈಬರ್ ಕೇಬಲ್‌ನಲ್ಲಿ ಹರಿದು ಸ್ಟ್ರೋಬ್‌ಗೆ ತಲುಪಿ ಅದನ್ನು ಮಿಂಚಿಸುತ್ತದೆ. ವಿದ್ಯುತ್ ತಂತಿ ಇಲ್ಲ, ಹೌಸಿಂಗ್‌ಗೆ ತೂತು ಕೊರೆಯಬೇಕಿಲ್ಲ. ಫ್ಲ್ಯಾಶ್ ಇಲ್ಲದ ಜೆಡ್‌ವಿ-1 ಬೇಡವೆಂದದ್ದು ಇದಕ್ಕೇ.

ಒಳಗಿನ ಫ್ಲ್ಯಾಶನ್ನೇ ನೇರ ಬಳಸಬಾರದೇ? ಅದು ಲೆನ್ಸಿನ ಪಕ್ಕದಲ್ಲೇ ಇರುತ್ತದೆ. ಘಟ್ಟದ ಮಂಜಿನಲ್ಲಿ ಹೈಬೀಮ್ ಹಾಕಿದ ಕಾರಿನ ಚಾಲಕನಿಗೆ ರಸ್ತೆ ಬದಲು ಮಂಜೇ ಬೆಳ್ಳಗೆ ಕಾಣುವಂತೆ, ಮೀನಿಗಿಂತ ಮುಂಚೆ ನೀರಿನ ಕಣಗಳೆಲ್ಲ ಹೊಳೆದು ಫೋಟೊ ತುಂಬ ಬಿಳಿ ಚುಕ್ಕೆ ಎರಚಿದಂತಾಗುತ್ತದೆ. ಸ್ಟ್ರೋಬನ್ನು ಒಂದು ತೋಳಿನ ತುದಿಯಲ್ಲಿಟ್ಟು ಪಕ್ಕದಿಂದ, ಸ್ವಲ್ಪ ಹೊರಮುಖವಾಗಿ ಬೆಳಕು ಬಿಟ್ಟರೆ ಮೀನು ಬೆಳಗುತ್ತದೆ, ನಡುವಿನ ಕಣಗಳು ಕತ್ತಲಲ್ಲಿ ಉಳಿಯುತ್ತವೆ. ಕಳೆದುಹೋದ ಕೆಂಪು ಅದೇ ಕ್ಷಣ ವಾಪಸ್. ಬರಿಗಣ್ಣಿಗೆ ಕಂದಾಗಿ ಕಂಡ ಲಯನ್ ಫಿಶ್ ಪರದೆಯ ಮೇಲೆ ಕುಂಕುಮದ ಬಣ್ಣದ್ದಾಗಿ ಬಂದಾಗ ಆಗುವ ಸಂತೋಷ ನನಗೆ ಇವತ್ತಿಗೂ ಕಡಿಮೆಯಾಗಿಲ್ಲ.

ಸ್ಟ್ರೋಬ್‌ಗೆ ಹಣವಿಲ್ಲದವರು ಕ್ಯಾಮೆರಾದ ಅಂಡರ್‌ವಾಟರ್ ವೈಟ್ ಬ್ಯಾಲೆನ್ಸ್ ಬಳಸಬಹುದು. ಟಿಜಿ-6ರಲ್ಲಿ ಆಳಕ್ಕೆ ತಕ್ಕಂತೆ ಮೂರು ಬಗೆ ಇವೆ. ರಾ ಫೈಲ್‌ನಲ್ಲಿ ತೆಗೆದರೆ ಆಮೇಲೆ ಕಂಪ್ಯೂಟರಿನಲ್ಲೂ ತಿದ್ದಬಹುದು. ಆದರೆ ನೀರು ಪೂರ್ತಿ ನುಂಗಿದ ಬಣ್ಣವನ್ನು ಯಾವ ಸಾಫ್ಟ್‌ವೇರ್ ಕೂಡ ತರಲಾರದು, ಊಹಿಸಿ ಬಳಿಯುತ್ತದೆ ಅಷ್ಟೆ.

ಕೊಳ್ಳುವ ಕ್ರಮದ ಬಗ್ಗೆ ಒಂದು ಮಾತು. ಮೊದಲು ಹೌಸಿಂಗ್ ಸಿಗುತ್ತದೆಯೇ ನೋಡಿ, ಆಮೇಲೆ ಕ್ಯಾಮೆರಾ. ಪ್ರತಿ ಹೌಸಿಂಗ್ ಒಂದೊಂದು ಮಾಡೆಲ್‌ನ ಗುಂಡಿಗಳಿಗೆ ಸರಿಯಾಗಿ ಮಾಡಿದ್ದು. ಜಿ7 ಎಕ್ಸ್ ಮಾರ್ಕ್ 2ರ ಹೌಸಿಂಗ್ ಮಾರ್ಕ್ 3ಕ್ಕೆ ಕೂರುವುದಿಲ್ಲ. ಬೆಂಗಳೂರಿನಲ್ಲಿ ಹಳೆಯ ಕ್ಯಾಮೆರಾ ಅಗ್ಗಕ್ಕೆ ಸಿಕ್ಕಿತೆಂದು ಕೊಂಡು, ಅದರ ಹೌಸಿಂಗ್ ತಯಾರಿಕೆ ನಿಂತಿದ್ದರೆ ಆ ಕ್ಯಾಮೆರಾ ನೆಲದ ಮೇಲೆಯೇ ಉಳಿಯಿತು. ಹಳೆಯ ಹೌಸಿಂಗ್ ಜೊತೆಗೇ ಸಿಕ್ಕರೆ ಒಳ್ಳೆಯದು, ಆದರೆ ಓ-ರಿಂಗ್ ಹೊಸದು ಹಾಕಿಸಿ. ಆ ರಬ್ಬರ್ ಬಳೆಯ ಮೇಲೆಯೇ ಎಲ್ಲ ನಿಂತಿದೆ. ಕಂಪನಿ ಹೇಳಿದ ಗ್ರೀಸನ್ನೇ, ಹೊಳಪು ಬರುವಷ್ಟು ಮಾತ್ರ ಸವರಿ. ಮನೆಯಲ್ಲಿರುವ ಯಾವುದೋ ಗ್ರೀಸ್ ಹಚ್ಚಿದರೆ ಕೆಲವು ಓ-ರಿಂಗ್‌ಗಳು ಉಬ್ಬುತ್ತವೆ. ಹೊರಡುವ ಮೊದಲು ಖಾಲಿ ಹೌಸಿಂಗ್‌ನಲ್ಲಿ ಒಂದು ಟಿಶ್ಯೂ ಕಾಗದ ಇಟ್ಟು ಮುಚ್ಚಿ, ನೀರಿನ ಡ್ರಮ್ಮಿನ ತಳದಲ್ಲಿ ಅರ್ಧ ಗಂಟೆ ಒತ್ತಿಡಿ. ಕಾಗದ ಒದ್ದೆಯಾಗದಿದ್ದರೆ ಸರಿ. ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು. ಬೋಟಿನಲ್ಲಿ ಕೂತು ಹೌಸಿಂಗ್ ಮುಚ್ಚಿದರೆ ತಣ್ಣೀರಿಗಿಳಿದಾಗ ಗಾಜಿನ ಒಳಮೈ ಮಂಜು ಹಿಡಿಯುತ್ತದೆ. ಹಿಂದಿನ ರಾತ್ರಿಯೇ ಲಾಡ್ಜಿನ ಎಸಿ ಕೋಣೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿಬಿಡಿ. ಡೈವ್ ಮುಗಿದ ಮೇಲೆ ಉಪ್ಪು ಒಣಗುವ ಮೊದಲು ಸಿಹಿನೀರಿನಲ್ಲಿ ನೆನೆಸಿ, ಎಲ್ಲ ಗುಂಡಿಗಳನ್ನೂ ನೀರೊಳಗೆ ಒತ್ತಿ ಒತ್ತಿ ಬಿಡಿ.

ಅಭ್ಯಾಸಕ್ಕೆ ಸಮುದ್ರವೇ ಬೇಕೆಂದಿಲ್ಲ. ನನ್ನ ಸ್ಟುಡಿಯೊ ಹಿಂದಿನ ಸಿಮೆಂಟ್ ತೊಟ್ಟಿಯಲ್ಲಿ ಸೊಳ್ಳೆಮರಿ ತಿನ್ನಲೆಂದು ಬಿಟ್ಟ ಗಪ್ಪಿ ಮೀನುಗಳಿವೆ. ಎರಡು ಮೂರು ಸೆಂಟಿಮೀಟರ್ ಉದ್ದ, ಒಂದೆಡೆ ನಿಲ್ಲುವುದಿಲ್ಲ. ಕಡಲ ಸಣ್ಣ ಮೀನಿನ ಕಷ್ಟವೆಲ್ಲ ಇವುಗಳಲ್ಲೇ ಇದೆ. ಹೊಸ ಲೆನ್ಸ್ ಬಂದರೆ ಮೊದಲು ತೊಟ್ಟಿಗೆ ಕೈ ಇಳಿಸುತ್ತೇನೆ. ಫೋಕಸ್ ಎಷ್ಟು ದೂರಕ್ಕೆ ಕೂರುತ್ತದೆ, ಸ್ಟ್ರೋಬ್ ಯಾವ ಓರೆಯಲ್ಲಿರಬೇಕು ಎಂದು ಕೈಗೆ ಅಭ್ಯಾಸವಾಗುವವರೆಗೆ ಅಲ್ಲೇ.

ಇನ್ನೊಂದು ಜಾಗ ಭತ್ತದ ಗದ್ದೆ. ನಾಟಿಯ ಮೇಲೆ ನೀರು ಕಟ್ಟಿ ಕೆಸರು ತಳಕ್ಕೆ ಕೂತ ಮೇಲೆ ಬದುವಿನಲ್ಲಿ ಕೂತು ಟಿಜಿಯನ್ನು ಅಂಗೈಯಾಳ ಇಳಿಸಿ, ಮೈಕ್ರೊಸ್ಕೋಪ್ ಮೋಡ್‌ಗೆ ಹಾಕಿ. ಗೊದಮೊಟ್ಟೆ, ಬಸವನಹುಳು, ನೀರಜೀರುಂಡೆ, ಏರೋಪ್ಲೇನ್ ಚಿಟ್ಟೆಯ ಮರಿ. ಈ ಮರಿ ಕೆಳದುಟಿಯನ್ನು ಮಡಿಸಿಟ್ಟುಕೊಂಡು, ಬೇಟೆ ಹತ್ತಿರ ಬಂದ ಕೂಡಲೇ ಕೈಯಂತೆ ಮುಂದಕ್ಕೆ ಚಾಚಿ ಹಿಡಿಯುತ್ತದೆ. ಒಮ್ಮೆ ನಾನು ಹೀಗೆ ಕೂತಿದ್ದಾಗ ಗದ್ದೆಯ ಯಜಮಾನರು ಬಂದು, “ಏನ್ ಕಳಕಂಡ್ರಿ?” ಎಂದರು. ಪರದೆ ತೋರಿಸಿದೆ. ಅವರು ಬದುವಿನ ಮೇಲೆ ಕೂತೇಬಿಟ್ಟರು. “ಇದು ನಮ್ ಗದ್ದ್ಯಾಗ ಐತಾ? ಇಷ್ಟ್ ವರ್ಷ ನಾನ್ ನೋಡೇ ಇಲ್ವಲ್ಲ” ಎಂದು ಮತ್ತೆ ಮತ್ತೆ ನೋಡಿದರು. ಆ ಫೋಟೊ ಪ್ರಿಂಟ್ ಹಾಕಿಸಿ ಅವರಿಗೆ ಕೊಟ್ಟಿದ್ದೇನೆ. ನೇತ್ರಾಣಿಯ ಯಾವ ಫೋಟೊಗೂ ನಮ್ಮೂರಿನಲ್ಲಿ ಅಷ್ಟು ಬೆಲೆ ಸಿಕ್ಕಿಲ್ಲ.

ಆದರೆ ನಾಲೆಗೆ ಇಳಿಯಬೇಡಿ. ಭದ್ರಾ ನಾಲೆಯ ನೀರು ಮೇಲೆ ಮೆತ್ತಗೆ ಕಂಡರೂ ಸೆಳೆತ ಬಲವಾಗಿರುತ್ತದೆ, ಸಿಮೆಂಟ್ ಇಳಿಜಾರು ಪಾಚಿಯಿಂದ ಜಾರುತ್ತದೆ, ಹತ್ತಲು ಹಿಡಿತ ಸಿಗುವುದಿಲ್ಲ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡವೂ ಅಷ್ಟೇ. ಸೂಳೆಕೆರೆಯ ನೀರಿನಲ್ಲಿ ಕೈ ಚಾಚಿದರೆ ಬೆರಳು ಕಾಣದ ದಿನಗಳೇ ಹೆಚ್ಚು. ದಡದ ಮೊಣಕಾಲುದ್ದ ನೀರಿಗಿಂತ ಮುಂದೆ ಹೋಗುವ ಕಾರಣವೇ ಇಲ್ಲ.

ಸಂಶೋಧನಾ ಕೇಂದ್ರದ ಹತ್ತಿರದ ಓಣಿಯ ಹುಡುಗ ಹೋದ ಸಲ ಬಂದು, ಕೂಡಿಟ್ಟ ಹಣವೆಲ್ಲ ಹಾಕಿ ಆರ್‌ಎಕ್ಸ್ 100 ಮಾರ್ಕ್ 7, ವೈಡ್ ಲೆನ್ಸ್ ಎರಡನ್ನೂ ಒಟ್ಟಿಗೆ ತರಿಸುತ್ತೇನೆ ಎಂದ.

“ಡೈವಿಂಗ್ ಕೋರ್ಸ್ ಮಾಡೀಯೇನಪ್ಪಾ?”

“ಇಲ್ಲಣ್ಣ. ಈಜು ಬರ್ತತಿ.”

ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಮೊದಲ ಹಣ ಓಪನ್ ವಾಟರ್ ಕೋರ್ಸಿಗೆ. ನೀರಿನಲ್ಲಿ ಮೇಲೂ ಏರದೆ, ಕೆಳಗೂ ಇಳಿಯದೆ ಒಂದೆಡೆ ತೇಲುತ್ತ ನಿಲ್ಲುವುದನ್ನು ಅಲ್ಲಿ ಕಲಿಸುತ್ತಾರೆ. ಅದು ಬಾರದವರ ಕೈಯಲ್ಲಿ ಯಾವ ಕ್ಯಾಮೆರಾವೂ ಸ್ಥಿರವಾಗಿ ನಿಲ್ಲದು. ಎರಡನೆಯದು ಟಿಜಿ-6 ಅಥವಾ 7, ಅದರ ಹೌಸಿಂಗ್. ಮೂರನೆಯದು ಒಂದು ಸ್ಟ್ರೋಬ್, ಒಂದು ತೋಳು. ಇಷ್ಟರಲ್ಲಿ ವರ್ಷಗಟ್ಟಲೆ ಕೆಲಸವಿದೆ. ಒಂದಿಂಚು ಸೆನ್ಸರ್, +6 ಲೆನ್ಸ್ ಆಮೇಲಿನ ಮಾತು. ಅವನು ಕೋರ್ಸಿಗೆ ಹೆಸರು ಬರೆಸಿದ್ದಾನೆ.

ತೇಲಿ ನಿಲ್ಲುವುದು ಬೇಕೆಂದು ನಾನು ಹಟ ಹಿಡಿಯುವುದಕ್ಕೆ ಫೋಟೊ ಒಂದೇ ಕಾರಣವಲ್ಲ. ಹತ್ತಿರದ ಫೋಟೊಗೆ ಹಂಬಲಿಸುವವರೇ ಹವಳಕ್ಕೆ ಹೆಚ್ಚು ಪೆಟ್ಟು ಕೊಡುವವರು. ಅಲುಗಾಡದಿರಲೆಂದು ಬಂಡೆಗೆ ಕೈ ಊರುತ್ತಾರೆ, ಮೊಣಕಾಲು ಒತ್ತುತ್ತಾರೆ, ಹಿಂದೆ ಸರಿಯುವಾಗ ಕಾಲಿನ ಫಿನ್ ತಾಗಿಸುತ್ತಾರೆ. ಬಂಡೆಯಂತೆ ಕಾಣುವ ಹವಳ ಜೀವವಿರುವ ಪ್ರಾಣಿಗಳ ಗುಂಪು, ವರ್ಷಕ್ಕೆ ಬೆಳೆಯುವುದು ಮಿಲಿಮೀಟರ್ ಸೆಂಟಿಮೀಟರ್‌ಗಳ ಲೆಕ್ಕದಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ 2001ರಲ್ಲಿ ಹವಳಗಳು, ಸಮುದ್ರಕುದುರೆ, ತಿಮಿಂಗಿಲ ಶಾರ್ಕ್ ಎಲ್ಲ ಸೇರಿದವು. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ಆ ಸಣ್ಣ ದ್ವೀಪದ ಸುತ್ತ ಇರುವ ಹವಳ ನಮ್ಮ ರಾಜ್ಯದ ಅಪರೂಪದ ಆಸ್ತಿ. ನೇತ್ರಾಣಿಗೆ ಕ್ಯಾಮೆರಾ ಹಿಡಿದು ಇಳಿಯುವವರೆಲ್ಲರಲ್ಲಿ ನನ್ನ ಕೋರಿಕೆ ಇದು: ಹವಳಕ್ಕೆ ಕೈ ಊರದೆ ಸಿಗದ ಫೋಟೊ ಇದ್ದರೆ, ಅದನ್ನು ಬಿಟ್ಟು ಮುಂದಕ್ಕೆ ಈಜಿ.